ಕೆಎನ್ಎಕ್ಸ್ ಪ್ರಾಜೆಕ್ಟ್ ಫೈಲಿನ ರಿಪೇರಿ: ತಂತ್ರಾಂಶ ಕೊಟ್ಟ 231 ಸಲಹೆಗಳೊಂದಿಗೆ ಆರು ವಾರ

ಬೆಂಗಳೂರಿನ ಮೂರು ಮಹಡಿಯ ಒಂದು ಮನೆಯ ಕೆಎನ್ಎಕ್ಸ್ ಎಂಬ ಸ್ವಯಂಚಾಲನಾ ವ್ಯವಸ್ಥೆಯನ್ನು ಸರಿಪಡಿಸುವ ಕೆಲಸ ಹೋದ ವಾರ ಮುಗಿಯಿತು. ದೀಪ, ಪರದೆ, ಎಸಿ ಎಲ್ಲವೂ ಒಂದೇ ಹಸಿರು ಬಸ್ ಕೇಬಲ್ಲಿನ (ಸಾಧನಗಳೆಲ್ಲ ಸಂದೇಶ ಹಂಚಿಕೊಳ್ಳುವ ತಂತಿಯ) ಮೇಲಿರುವ ಮನೆ. 2017ರಲ್ಲಿ ಹಾಕಿದ್ದು, 2023ರಲ್ಲಿ ಮನೆ ನವೀಕರಿಸುವಾಗ ಬೇರೆ ಕೈಗಳು ಅದರಲ್ಲಿ ಸೇರಿಕೊಂಡವು. ಆಮೇಲೆ ಮೂರು ದೂರುಗಳು ಉಳಿದುಬಿಟ್ಟವು. ರಾತ್ರಿ ಮಲಗುವಾಗ 'ಎಲ್ಲ ಆರಿಸು' ಒತ್ತಿದರೆ ಎರಡನೇ ಮಹಡಿಯ ದೀಪ ಆರುವುದಿಲ್ಲ. ಕೆಲವು ಸ್ವಿಚ್‌ಗಳನ್ನು ಎರಡು ಸಲ ಒತ್ತಬೇಕು. ಫೋನಿನ ಆ್ಯಪ್‌ನಲ್ಲಿ ಒಂದು ಕೋಣೆಯ ತಾಪಮಾನ 3248 ಎಂದು ಕಾಣುತ್ತದೆ.

ಇಂಥ ಕೆಲಸಕ್ಕೆ ಈಗ ತಂತ್ರಾಂಶದ ನೆರವಿದೆ. ಯಾವ ಸಾಧನ ಯಾವುದಕ್ಕೆ ಜೋಡಿಸಿದೆ ಎಂಬುದೆಲ್ಲ ಇರುವ ಪ್ರಾಜೆಕ್ಟ್ ಫೈಲನ್ನು ಓದಿ, ತಪ್ಪುಗಳನ್ನು ಹುಡುಕಿ, 'ಇದನ್ನು ಹೀಗೆ ತಿದ್ದಿ' ಎಂದು ಅದು ಪಟ್ಟಿ ಕೊಡುತ್ತದೆ. ನಮಗೂ ಕೊಟ್ಟಿತು, 231 ಸಲಹೆಗಳು. ಅವುಗಳಲ್ಲಿ ಇದ್ದ ಹಾಗೇ ಒಪ್ಪಿದ್ದು 102, ಬದಲಾಯಿಸಿ ಒಪ್ಪಿದ್ದು 61, ತಳ್ಳಿಹಾಕಿದ್ದು 68. ತಳ್ಳಿಹಾಕಿದ ಆ 68ರಲ್ಲಿ ಕೆಲವನ್ನು ಒಪ್ಪಿಬಿಟ್ಟಿದ್ದರೆ ಮನೆ ಮೊದಲಿಗಿಂತ ಕೆಡುತ್ತಿತ್ತು. ತಂತ್ರಾಂಶ ಓದುವುದು ಫೈಲನ್ನು ಮಾತ್ರ, ಗೋಡೆಯೊಳಗೆ ಏನಿದೆ ಎಂದು ಅದಕ್ಕೆ ಕಾಣುವುದಿಲ್ಲ. ಫೈಲಿಗೂ ಗೋಡೆಗೂ ಎಷ್ಟು ದೂರವಿದೆಯೆಂದು ಮೊದಲು ಅಳೆಯದೆ ಒಂದು ಸಲಹೆಯನ್ನೂ ಒಪ್ಪಬಾರದು. ಇದೇ ಕೆಲಸಕ್ಕೆ ಕೈಹಾಕುವವರಿಗಾಗಿ, ನಡೆದ ಕ್ರಮದಲ್ಲೇ ಎಲ್ಲವನ್ನೂ ಬರೆದಿಟ್ಟಿದ್ದೇವೆ.

ಮೊದಲ 19 ದಿನ: ಕಾಗದಪತ್ರಕ್ಕಾಗಿ ಕಾಯುವುದು

ಮೊದಲು ಸಿಕ್ಕಿದ್ದು ಒಂದು ಪಿಡಿಎಫ್. ಯಾವ ಸ್ವಿಚ್ ಯಾವ ದೀಪಕ್ಕೆ ಎಂಬ ಪಟ್ಟಿ ಅದರಲ್ಲಿತ್ತು. ರಿಪೇರಿಗೆ ಅದು ಸಾಲದು. ಬೇಕಿರುವುದು ಕೆಎನ್ಎಕ್ಸ್ ಸಾಧನಗಳನ್ನು ಜೋಡಿಸಿ ಹೊಂದಿಸುವ ಇಟಿಎಸ್ ತಂತ್ರಾಂಶದಿಂದ ರಫ್ತು ಮಾಡಿದ ಪ್ರಾಜೆಕ್ಟ್ ಫೈಲ್, ಅಂದರೆ ಹೆಸರಿನ ಕೊನೆಯಲ್ಲಿ ಕೆಎನ್ಎಕ್ಸ್‌ಪ್ರಾಜ್ ಎಂದಿರುವ ಫೈಲ್. ಹಳೆಯ ಗುತ್ತಿಗೆದಾರರಿಗೆ ಫೋನ್ ಮಾಡಿ, ಮನೆಯ ಮಾಲೀಕರಿಂದ ಒಂದು ಪತ್ರ ಬರೆಸಿ ಕಳಿಸಿ, 11ನೇ ದಿನ ಫೈಲ್ ಬಂತು. ತೆರೆದರೆ ಪಾಸ್‌ವರ್ಡ್ ಕೇಳಿತು. ಪಾಸ್‌ವರ್ಡ್ ಕೈಸೇರಿದ್ದು 19ನೇ ದಿನ. ಆ ಎಂಟು ದಿನ ನಿಜಕ್ಕೂ ಕಳವಳವಾಗಿತ್ತು. ಅದು ಸಿಗದೇ ಹೋಗಿದ್ದರೆ 87 ಸಾಧನಗಳನ್ನೂ ಒಂದೊಂದಾಗಿ ಹೊಸದಾಗಿ ಬರೆಯಬೇಕಿತ್ತು.

ಕೇಳುವಾಗ ಎಲ್ಲವನ್ನೂ ಒಂದೇ ಸಲಕ್ಕೆ, ಬರಹದಲ್ಲಿ ಕೇಳಿ: ಪ್ರಾಜೆಕ್ಟ್ ಫೈಲ್, ಅದರ ಪಾಸ್‌ವರ್ಡ್, ಬಿಸಿಯು ಕೀ ಹಾಕಿದ್ದರೆ ಅದು, ಸೆಕ್ಯೂರ್ (ಸಂದೇಶವನ್ನು ಗೂಢಲಿಪಿಯಲ್ಲಿ ಕಳಿಸುವ) ಸಾಧನಗಳ ಸ್ಟಿಕರ್ ಅಥವಾ ಅವುಗಳ ಕೀಗಳಿರುವ ಕೀರಿಂಗ್ ಫೈಲ್, ಯಾವ ಇಟಿಎಸ್ ಆವೃತ್ತಿಯಲ್ಲಿ ಮಾಡಿದ್ದು ಎಂಬ ವಿವರ, ಡಿಬಿ ಬಾಕ್ಸ್‌ಗಳ (ವಿದ್ಯುತ್ ವಿತರಣಾ ಪೆಟ್ಟಿಗೆಗಳ) ಚಿತ್ರ. ಬಿಸಿಯು ಕೀ ಎಂಬುದು ಸಾಧನವನ್ನು ಬೇರೆಯವರು ಬದಲಿಸದಂತೆ ಬೀಗ ಹಾಕುವ ಸಂಖ್ಯೆ. 2021ರಲ್ಲಿ ಜರ್ಮನಿಯ ಒಂದು ಕಚೇರಿ ಕಟ್ಟಡದಲ್ಲಿ, ಇಂಟರ್‌ನೆಟ್‌ಗೆ ತೆರೆದಿಟ್ಟಿದ್ದ ಪೋರ್ಟ್ ಮೂಲಕ ಒಳಹೊಕ್ಕ ದಾಳಿಕೋರರು ಸಾಧನಗಳನ್ನು ಅಳಿಸಿ, ತಮ್ಮದೇ ಬಿಸಿಯು ಕೀ ಹಾಕಿ ಬೀಗ ಜಡಿದರು. ಮುಕ್ಕಾಲು ಪಾಲು ಸಾಧನಗಳು ಕೈತಪ್ಪಿದ್ದವು. ಆದ್ದರಿಂದ ಮನೆಯ ಇಂಟರ್‌ನೆಟ್ ರೂಟರಿನಲ್ಲಿ ಕೆಎನ್ಎಕ್ಸ್ ಬಳಸುವ 3671ನೇ ಪೋರ್ಟ್ ಹೊರಗೆ ತೆರೆದಿದೆಯೇ ಎಂದು ಮೊದಲ ದಿನವೇ ನೋಡಿಬಿಡಿ. ಇಲ್ಲಿ ತೆರೆದೇ ಇತ್ತು. ಮುಚ್ಚಿಸಿದೆವು.

ಇಟಿಎಸ್ ಪರವಾನಗಿಯ ವಿಷಯ. ಇಟಿಎಸ್6ರ ಲೈಟ್ ಆವೃತ್ತಿಯಲ್ಲಿ 20 ಸಾಧನ, ಹೋಮ್ ಆವೃತ್ತಿಯಲ್ಲಿ 64 ಸಾಧನಗಳ ಮಿತಿಯಿದೆ. 87 ಸಾಧನಗಳಿಗೆ ಪ್ರೊಫೆಷನಲ್ ಆವೃತ್ತಿಯೇ ಬೇಕು, ಅದರ ಮೂಲ ಬೆಲೆ 1000 ಯೂರೋ. ಮನೆಯವರೇ ಕೊಂಡು ಮಾಡುತ್ತೇವೆ ಅನ್ನುವವರು ಮೊದಲು ತಮ್ಮ ಸಾಧನಗಳನ್ನು ಎಣಿಸಿಕೊಳ್ಳಲಿ.

ಫೈಲ್ ಇಟಿಎಸ್5ರದ್ದು. ಅದನ್ನು ಇಟಿಎಸ್6ಕ್ಕೆ ತಂದಮೇಲೆ ಮತ್ತೆ 5ಕ್ಕೆ ಮರಳಲು ಬರುವುದಿಲ್ಲ. ಅದಕ್ಕೇ ಬಂದ ಮೂಲ ಫೈಲನ್ನು ಮುಟ್ಟದೆ ಎರಡು ಕಡೆ ಎತ್ತಿಟ್ಟೆವು.

ಸಲಹೆಗಳು ಹುಟ್ಟುವ ಬಗೆ

ಇಟಿಎಸ್‌ನಲ್ಲೇ ಪ್ರಾಜೆಕ್ಟ್ ಚೆಕ್ ಎಂಬ ತಪಾಸಣೆ ಇದೆ. ಸಾಧನ, ಗ್ರೂಪ್ ವಿಳಾಸ (ಸ್ವಿಚ್ಚನ್ನೂ ದೀಪವನ್ನೂ ಒಂದಕ್ಕೊಂದು ಬೆಸೆಯುವ ಸಂಖ್ಯೆ), ಟೋಪಾಲಜಿ (ಸಾಧನಗಳು ಯಾವ ಲೈನಿನಲ್ಲಿವೆ ಎಂಬ ನಕ್ಷೆ), ಉತ್ಪನ್ನದ ಮಾಹಿತಿ ಇವನ್ನೆಲ್ಲ ನೋಡಿ ಎಲ್ಲಿ ಹೊಂದಿಕೆಯಿಲ್ಲ ಎಂದು ಹೇಳುತ್ತದೆ. ಹೇಗೆ ಸರಿಮಾಡಬೇಕೆಂದು ಮಾತ್ರ ಹೇಳುವುದು ಕಡಿಮೆ. ಅದಕ್ಕಾಗಿ ಎಕ್ಸ್‌ಕೆಎನ್ಎಕ್ಸ್‌ಪ್ರಾಜೆಕ್ಟ್ ಎಂಬ ಮುಕ್ತ ಪೈಥಾನ್ ಲೈಬ್ರರಿಯ ಮೇಲೆ ಒಂದು ಸ್ಕ್ರಿಪ್ಟ್ ಬರೆದುಕೊಂಡೆವು. ಪ್ರಾಜೆಕ್ಟ್ ಫೈಲ್ ಅಂದರೆ ಒಳಗೆ ಎಕ್ಸ್‌ಎಂಎಲ್ ಕಡತಗಳಿರುವ ಒಂದು ಜಿಪ್. ಲೈಬ್ರರಿ ಅದನ್ನು ಬಿಚ್ಚಿ ಸಾಧನಗಳು, ಗ್ರೂಪ್ ವಿಳಾಸಗಳು, ಪ್ರತಿ ಸಾಧನದ ಕಮ್ಯುನಿಕೇಷನ್ ಆಬ್ಜೆಕ್ಟ್‌ಗಳು (ಸಂದೇಶ ಕಳಿಸುವ, ಪಡೆಯುವ ತುದಿಗಳು), ಅವುಗಳಿಗೆ ಏನೇನು ಮಾಡಲು ಅನುಮತಿಯಿದೆ ಎಂದು ಹೇಳುವ ಫ್ಲ್ಯಾಗ್‌ಗಳು ಮತ್ತು ಬೆಲೆಯನ್ನು ಹೇಗೆ ಓದಬೇಕೆಂದು ಹೇಳುವ ಡೇಟಾಪಾಯಿಂಟ್ ಟೈಪ್ ಎಲ್ಲವನ್ನೂ ಪಟ್ಟಿಯಾಗಿ ಕೊಡುತ್ತದೆ. ಅದರ ಮೇಲೆ ನಿಯಮಗಳನ್ನು ಓಡಿಸಿದರೆ ಸಲಹೆಗಳು ಸಿಗುತ್ತವೆ. ಜಿಪ್ ಒಳಗಿನ ಎಕ್ಸ್‌ಎಂಎಲ್ ಅನ್ನು ಕೈಯಿಂದ ತಿದ್ದಿ ವಾಪಸ್ ಸೇರಿಸಲು ಹೋಗಬೇಡಿ. ಅದರಲ್ಲಿ ಸಹಿಯ ಕಡತವೂ ಇರುತ್ತದೆ. ಸಲಹೆ ಸ್ಕ್ರಿಪ್ಟಿನಿಂದ ಬರಲಿ, ತಿದ್ದುಪಡಿ ಇಟಿಎಸ್ ಒಳಗೇ ಆಗಲಿ.

612 ಗ್ರೂಪ್ ವಿಳಾಸಗಳಿಗೆ ಬಂದ ಸಲಹೆಗಳ ಲೆಕ್ಕ ಹೀಗಿತ್ತು: ಡೇಟಾಪಾಯಿಂಟ್ ಟೈಪ್ ಇಲ್ಲದ್ದು ಅಥವಾ ತಪ್ಪಿದ್ದು 96, ಒಂದೇ ತುದಿ ಇರುವ (ಕಳಿಸುವವರು ಅಥವಾ ಕೇಳುವವರು ಮಾತ್ರ ಇರುವ) ವಿಳಾಸಗಳು 58, ಫ್ಲ್ಯಾಗ್ ದೋಷ 41, ಹೆಸರಿನ ಗೊಂದಲ 22, ಲೈನ್ ದಾಟುವ ವಿಳಾಸಗಳ ಫಿಲ್ಟರ್ ಸಮಸ್ಯೆ 14. ಪ್ರತಿ ಸಾಲಿನ ಎದುರು 'ಸಾಕ್ಷಿ' ಎಂಬ ಒಂದು ಖಾಲಿ ಕಾಲಂ ಬಿಟ್ಟಿದ್ದೆವು. ಆ ವಿಳಾಸದ ಮೇಲೆ ಬಸ್‌ನಲ್ಲಿ ನಿಜವಾಗಿ ಎಷ್ಟು ಟೆಲಿಗ್ರಾಂ (ಸಾಧನಗಳು ಕಳಿಸುವ ಸಂದೇಶ) ಓಡಾಡಿದವು ಎಂಬ ಎಣಿಕೆ ಅಲ್ಲಿಗೆ. ಇಡೀ ಕೆಲಸದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಆ ಕಾಲಂ.

ಫೈಲಿಗೂ ಗೋಡೆಗೂ ಇರುವ ದೂರ

ಮನೆಯಲ್ಲಿ ಎರಡು ಲೈನ್‌ಗಳಿವೆ, ಅಂದರೆ ಬಸ್ಸಿನ ಎರಡು ಭಾಗಗಳು. 1.1 ನೆಲಮಹಡಿ ಮತ್ತು ಮೊದಲ ಮಹಡಿಗೆ, 1.2 ಎರಡನೇ ಮಹಡಿ ಮತ್ತು ತಾರಸಿಗೆ. ಎರಡರ ತಲೆಯಲ್ಲೂ ಲೈನನ್ನು ಲ್ಯಾನ್‌ಗೆ ಸೇರಿಸುವ ಒಂದೊಂದು ಐಪಿ ರೂಟರ್, 1.1.0 ಮತ್ತು 1.2.0. ಮಧ್ಯೆ ಮನೆಯ ಲ್ಯಾನ್.

ಇಟಿಎಸ್‌ನ ಡಯಾಗ್ನಾಸ್ಟಿಕ್ಸ್‌ನಲ್ಲಿ ಲೈನ್ ಸ್ಕ್ಯಾನ್ ಇದೆ. ಅದು 1ರಿಂದ 255ರವರೆಗಿನ ಪ್ರತಿ ವಿಳಾಸವನ್ನೂ ತಟ್ಟಿ, ಉತ್ತರ ಕೊಟ್ಟವರ ಪಟ್ಟಿ ಮಾಡುತ್ತದೆ. ಸ್ಕ್ಯಾನ್‌ನಲ್ಲಿ ಮೂರು ಸಂಗತಿ ಗೊತ್ತಾದವು. ಫೈಲಿನಲ್ಲಿದ್ದ ಎರಡು ಸಾಧನ ಗೋಡೆಯಲ್ಲಿ ಇಲ್ಲ. ಫೈಲಿನಲ್ಲಿ ಇಲ್ಲದ ಮೂರು ಸಾಧನ ಗೋಡೆಯಲ್ಲಿವೆ, 1.2.41, 1.2.42, 1.2.43. ಜೊತೆಗೆ 1.2.0 ಎಂದು ಫೈಲಿನಲ್ಲಿರುವ ರೂಟರ್ ಬೇರೆ ಮಾದರಿ, ಡಿಬಿಯಲ್ಲಿ ಕೂತಿರುವುದು ಬೇರೆ ಮಾದರಿ.

ಸ್ಕ್ಯಾನ್‌ಗೆ ಕಾಣದ ಇನ್ನೊಂದು ದೋಷವಿತ್ತು. 1.1.23 ಎಂಬ ವಿಳಾಸ ಎರಡು ಸಾಧನಗಳಿಗಿತ್ತು. ಸ್ಕ್ಯಾನ್ ಪಟ್ಟಿಯಲ್ಲಿ ಅದು ಒಂದೇ ಸಾಲಾಗಿ ಬರುತ್ತದೆ, ಪ್ರಾಜೆಕ್ಟ್ ಚೆಕ್‌ಗಂತೂ ತಿಳಿಯುವ ಮಾತೇ ಇಲ್ಲ. ಆ ಸಾಧನಕ್ಕೆ ಡೌನ್‌ಲೋಡ್ ಮಾಡಲು (ಇಟಿಎಸ್‌ನಿಂದ ಸಂರಚನೆಯನ್ನು ಸಾಧನಕ್ಕೆ ಇಳಿಸಲು) ಹೋದಾಗಲೆಲ್ಲ ಅರ್ಧಕ್ಕೆ ನಿಲ್ಲುತ್ತಿತ್ತು. ವಿಳಾಸದ ಮೂಲಕ ಎಲ್‌ಇಡಿ ಮಿನುಗಿಸಲು ಹೇಳಿದಾಗ ಅಡುಗೆಮನೆಯ ಕೀಪ್ಯಾಡ್ ಮತ್ತು ಡಿಬಿಯೊಳಗಿನ ಡಿಮ್ಮರ್ ಎರಡೂ ಮಿನುಗಿದವು. ಕೀಪ್ಯಾಡಿನ ಬಸ್ ಕನೆಕ್ಟರ್ ಕಿತ್ತು, ಡಿಮ್ಮರ್ ವಿಳಾಸ ಸರಿಯಿದೆಯೆಂದು ಖಚಿತಪಡಿಸಿಕೊಂಡು, ಕೀಪ್ಯಾಡನ್ನು ಮತ್ತೆ ಜೋಡಿಸಿ, ಅದರ ಪ್ರೋಗ್ರಾಮಿಂಗ್ ಬಟನ್ ಒತ್ತಿ ಹೊಸ ವಿಳಾಸ ಕೊಟ್ಟೆವು. ಇಪ್ಪತ್ತು ನಿಮಿಷದ ಕೆಲಸ. ಆ ಬಟನ್ ಫಾಲ್ಸ್ ಸೀಲಿಂಗ್ ಮೇಲಿದ್ದರೆ ಅದೇ ಅರ್ಧ ದಿನ ಹಿಡಿಯುತ್ತದೆ, ಬಡಗಿಯನ್ನೂ ಕರೆಸಬೇಕಾಗುತ್ತದೆ.

ಬಸ್ ವೋಲ್ಟೇಜನ್ನು ಕೊನೆಯ ಸಾಧನದಲ್ಲಿ ಅಳೆದದ್ದೂ ಇದೇ ದಿನ. ಪವರ್ ಸಪ್ಲೈ 640 ಮಿಲಿಆಂಪಿನದು, ಹೊರಡುವಲ್ಲಿ 30 ವೋಲ್ಟ್ ಆಸುಪಾಸು, ತಾರಸಿಯ ತುದಿಯಲ್ಲಿ 27. ಸಾಧನಗಳು 21 ವೋಲ್ಟ್‌ವರೆಗೂ ಕೆಲಸ ಮಾಡಬೇಕು, ಹಾಗಾಗಿ ತಂತಿಯ ಕಡೆ ದೋಷವಿಲ್ಲ.

ಏಳು ದಿನ ಅಂದುಕೊಂಡದ್ದು ಹದಿನಾಲ್ಕಾಯಿತು

ಸಾಕ್ಷಿ ಕಾಲಂ ತುಂಬಲು ಟೆಲಿಗ್ರಾಂಗಳನ್ನು ತೋರಿಸುವ ಇಟಿಎಸ್‌ನ ಗ್ರೂಪ್ ಮಾನಿಟರ್ ಹಾಕಿ ಒಂದು ವಾರ ರೆಕಾರ್ಡ್ ಮಾಡಿದೆವು. ಲ್ಯಾಪ್‌ಟಾಪ್ ಮನೆಯ ಯುಪಿಎಸ್‌ನಲ್ಲಿರಲಿ, ಸ್ಲೀಪ್‌ಗೆ ಹೋಗದಂತೆ ಮಾಡಿಡಿ. ವಾರ ಮುಗಿದ ಮೇಲೆ ಪಟ್ಟಿಗೆ ಜೋಡಿಸಿದರೆ ಎರಡನೇ ಮಹಡಿಯ ಬಹುಪಾಲು ವಿಳಾಸಗಳ ಎದುರು ಸೊನ್ನೆ. ಆ ಮಹಡಿಯಲ್ಲಿ ಮನೆಯವರ ಮಗಳು ದಿನವೂ ಓದುತ್ತಾಳೆ, ದೀಪ ಹಾಕದೆ ಓದಲಾದೀತೇ? ಎಡವಿದ್ದು ನಾವು. ರೆಕಾರ್ಡ್ ಮಾಡಿದ ಇಂಟರ್‌ಫೇಸ್ ಇದ್ದದ್ದು 1.1 ಲೈನ್‌ನಲ್ಲಿ. ರೂಟರ್‌ಗಳ ಫಿಲ್ಟರ್ ಟೇಬಲ್, ಆಚೆಯ ಲೈನಿಗೆ ಬೇಕಾದ ವಿಳಾಸಗಳನ್ನು ಮಾತ್ರ ದಾಟಿಸುತ್ತದೆ. 1.2ರೊಳಗೇ ಹುಟ್ಟಿ 1.2ರೊಳಗೇ ಮುಗಿಯುವ ಟೆಲಿಗ್ರಾಂ ಈಚೆಗೆ ಬರುವುದೇ ಇಲ್ಲ. ಎರಡನೇ ವಾರ ಯುಎಸ್‌ಬಿ ಇಂಟರ್‌ಫೇಸನ್ನು 1.2ರ ಡಿಬಿಗೆ ಒಯ್ದು ಮತ್ತೆ ರೆಕಾರ್ಡ್ ಮಾಡಬೇಕಾಯಿತು. ಎರಡು ಲೈನ್ ಇದ್ದರೆ ಎರಡು ದಾಖಲೆ ಬೇಕು ಎಂದು ಮೊದಲೇ ಲೆಕ್ಕ ಹಾಕಿ, ಮಾಲೀಕರಿಗೂ ಹೇಳಿಡಿ.

ಈ ತಪ್ಪು ಗೊತ್ತಾಗದೇ ಹೋಗಿದ್ದರೆ? 'ಒಂದೇ ತುದಿ, ಟೆಲಿಗ್ರಾಂ ಸೊನ್ನೆ, ಅಳಿಸಿಹಾಕಿ' ಎಂಬ ಸಲಹೆಗಳ ಪಟ್ಟಿ ಉದ್ದವಾಗುತ್ತಿತ್ತು, ಪ್ರತಿಯೊಂದರ ಎದುರೂ ಪೂರ್ಣ ವಿಶ್ವಾಸದ ಗುರುತು ಇರುತ್ತಿತ್ತು.

ಎರಡು ವಾರದ ದಾಖಲೆಯೂ ಎಲ್ಲವನ್ನೂ ಹೇಳುವುದಿಲ್ಲ. 1.2 ಲೈನಿನ ಒಂದು ವಿಳಾಸಕ್ಕೆ ಫೈಲಿನಲ್ಲಿ ಹೆಸರಿರಲಿಲ್ಲ. ತಾರಸಿಯ ಬಿಸಿಲುಪರದೆಯ ಆಕ್ಚುಯೇಟರ್ (ಆದೇಶ ಪಡೆದು ಪರದೆಯನ್ನು ಓಡಿಸುವ ಸಾಧನ) ಅದಕ್ಕೆ ಜೋಡಿಸಿತ್ತು, ಕಳಿಸುವವರು ಯಾರೂ ಇರಲಿಲ್ಲ, ದಾಖಲೆಯಲ್ಲೂ ಸೊನ್ನೆ. ಅಳಿಸಬಹುದು ಎಂದು ಸ್ಕ್ರಿಪ್ಟ್ ಹೇಳಿತು. ಮನೆಯ ಎಲೆಕ್ಟ್ರಿಷಿಯನ್‌ಗೆ ತೋರಿಸಿದಾಗ, "ಸಾರ್, ಅದು ಮಳೆ ಬಂದಾಗ ಪರದೆ ಒಳಗೆ ಹೋಗೋದು. ಮಾರ್ಚ್‌ನಲ್ಲಿ ಎಲ್ಲಿ ಮಳೆ ಬರುತ್ತೆ?" ಅಂದರು. ಮಳೆ ಸಂವೇದಕದ ತಂತಿ ಹೋಗಿ ಸೇರಿದ್ದು 1.2.42ಕ್ಕೆ. ಅದು ಫೈಲಿನಲ್ಲಿ ಇಲ್ಲದ ಆ ಮೂರು ಸಾಧನಗಳಲ್ಲಿ ಒಂದು, ಸಾದಾ ತಂತಿಯ ಸಂಪರ್ಕಗಳನ್ನು ಬಸ್ಸಿಗೆ ತರುವ ನಾಲ್ಕು ಚಾನೆಲ್ಲಿನ ಬೈನರಿ ಇನ್‌ಪುಟ್. ಕಳಿಸುವ ತುದಿ ಫೈಲಿನ ಹೊರಗಿತ್ತು. ಬಾಟಲಿಯಲ್ಲಿ ನೀರು ತಂದು ಸಂವೇದಕದ ಮೇಲೆ ಸುರಿದಾಗ ಮಾನಿಟರ್‌ನಲ್ಲಿ ಟೆಲಿಗ್ರಾಂ ಬಂತು, ಪರದೆ ಸುತ್ತಿಕೊಂಡಿತು. ಆ ಕ್ಷಣದ ಸಮಾಧಾನವನ್ನು ಮರೆಯಲಾರೆವು.

ಒಂದೇ ತುದಿಯ ವಿಳಾಸಗಳನ್ನು ಅಳಿಸುವ ಮುನ್ನ ನಾಲ್ಕು ಕಡೆ ವಿಚಾರಿಸಿ: ಫೋನಿನ ಆ್ಯಪನ್ನು ಬಸ್ಸಿಗೆ ಜೋಡಿಸುವ ಆ್ಯಪ್ ಸರ್ವರ್, ಎಸಿ ಗೇಟ್‌ವೇ, ಜನರೇಟರ್ ಅಥವಾ ನೀರಿನ ಪಂಪಿನ ಸಂಪರ್ಕ, ಮಳೆ ಗಾಳಿ ಹೊಗೆಯ ಸಂವೇದಕಗಳು. ಆ್ಯಪ್ ಸರ್ವರ್ ಇಟಿಎಸ್‌ನಲ್ಲಿ ಸಾಧನವಾಗಿ ಕಾಣದೇ ಇರಬಹುದು, ಆದರೂ ಅದು ವಿಳಾಸಗಳನ್ನು ಬಳಸುತ್ತಿರುತ್ತದೆ. 58ರಲ್ಲಿ ನಿಜವಾಗಿ ಅಳಿಸಿದ್ದು 19 ಮಾತ್ರ.

ಡೇಟಾಪಾಯಿಂಟ್: ಸುಲಭವಾದರೂ ಕಣ್ಣಿಟ್ಟು ಮಾಡಬೇಕಾದ ಭಾಗ

ಬಸ್‌ನಲ್ಲಿ ಓಡುವುದು ಬರಿಯ ಬಿಟ್‌ಗಳು. ಅವನ್ನು ತಾಪಮಾನ ಎಂದು ಓದಬೇಕೋ ಎಣಿಕೆ ಎಂದು ಓದಬೇಕೋ ಎಂದು ಹೇಳುವುದು ಡೇಟಾಪಾಯಿಂಟ್ ಟೈಪ್. 3248ರ ಗುಟ್ಟು ಇಲ್ಲಿತ್ತು. ತಾಪಮಾನ 9.001 ಎಂಬ ಟೈಪಿನಲ್ಲಿ ಎರಡು ಬೈಟ್ ಆಗಿ ಬರುತ್ತದೆ. 24 ಡಿಗ್ರಿಗೆ ಆ ಬೈಟ್‌ಗಳು 12 ಮತ್ತು 176. ಆ ವಿಳಾಸಕ್ಕೆ ಫೈಲಿನಲ್ಲಿ 7.001, ಅಂದರೆ ಎರಡು ಬೈಟಿನ ಪೂರ್ಣಾಂಕ ಎಂದು ಬರೆದಿತ್ತು. ಆ್ಯಪ್ ಅದನ್ನು 12 ಗುಣಿಸು 256, ಕೂಡು 176 ಎಂದು ಓದಿ 3248 ತೋರಿಸಿತು. ಕೋಣೆಯಲ್ಲಿ ಇದ್ದದ್ದು ಹಿತವಾದ 24 ಡಿಗ್ರಿ. ಎರಡೂ ಟೈಪಿನ ಅಳತೆ ಒಂದೇ ಆದ್ದರಿಂದ ಜೋಡಿಸುವಾಗ ಇಟಿಎಸ್ ತಡೆಯಲಿಲ್ಲ. ಡಿಮ್ಮರಿನಲ್ಲೂ ಇದೇ ಬಗೆ: 5.001 ಇರಬೇಕಾದ ಕಡೆ 5.010 ಇದ್ದರೆ ಪೂರ್ತಿ ಬೆಳಕು 100ರ ಬದಲು 255 ಎಂದು ಕಾಣುತ್ತದೆ.

ಇಂಥವುಗಳಲ್ಲಿ ಸ್ಕ್ರಿಪ್ಟಿನ ಸಲಹೆ ಬಹುತೇಕ ಸರಿಯಿತ್ತು, ಯಾಕೆಂದರೆ ಸಾಧನದ ಆಬ್ಜೆಕ್ಟಿಗೆ ತಯಾರಕರೇ ಟೈಪ್ ಬರೆದಿರುತ್ತಾರೆ, ಅದನ್ನು ನೋಡಿದರೆ ಸಾಕು. ತೊಡಕಾದದ್ದು ಒಂದು ಬಿಟ್‌ನ ವಿಳಾಸಗಳಲ್ಲಿ. ಹಳೆಯ ಸಾಧನಗಳಲ್ಲಿ ಟೈಪ್ ಬರೆದಿರದಿದ್ದರೆ ಸ್ಕ್ರಿಪ್ಟ್ ಎಲ್ಲಕ್ಕೂ 1.001, ಆನ್ ಮತ್ತು ಆಫ್, ಎಂದು ಸೂಚಿಸಿತು. ಪರದೆಗೆ ಬೇಕಾದ್ದು 1.008, ಅಲ್ಲಿ 0 ಅಂದರೆ ಮೇಲೆ, 1 ಅಂದರೆ ಕೆಳಗೆ. ಕಿಟಕಿಯ ಸಂಪರ್ಕಕ್ಕೆ 1.019, ಅಲ್ಲಿ 0 ಮುಚ್ಚಿದೆ, 1 ತೆರೆದಿದೆ. ಹೆಸರಿನಲ್ಲಿ ಪರದೆ, ಬ್ಲೈಂಡ್, ಕಿಟಕಿ ಎಂಬ ಪದಗಳಿದ್ದರೆ 1.001 ಸೂಚಿಸಬೇಡ ಎಂದು ನಿಯಮ ಸೇರಿಸಿದ ಮೇಲೆ ಸರಿಹೋಯಿತು.

ಗ್ರೂಪ್ ವಿಳಾಸದ ಹೆಸರು ಮತ್ತು ಟೈಪ್ ತಿದ್ದಿದರೆ ಸಾಧನಗಳಿಗೆ ಡೌನ್‌ಲೋಡ್ ಬೇಕಿಲ್ಲ. ಆ್ಯಪ್ ಸರ್ವರಿಗೆ ಹೊಸ ಫೈಲ್ ಕೊಟ್ಟರೆ ಸಾಕು. ಅದಕ್ಕೇ ಇದನ್ನೇ ಮೊದಲು ಮಾಡಿ ಮುಗಿಸಿ. ಅಪಾಯ ಕಡಿಮೆ, ಫಲ ಅದೇ ದಿನ ಕಾಣುತ್ತದೆ, ಮನೆಯವರಿಗೂ ಧೈರ್ಯ ಬರುತ್ತದೆ.

22 ಹೆಸರುಗಳನ್ನು ಸರಿಮಾಡಲು ಒಂದು ಭಾಷಾ ಮಾದರಿಯ ನೆರವನ್ನೂ ಪಡೆದೆವು. 'ಎಂಬಿಆರ್ ಕೋವ್ 2' ಥರದ ಮೊಟಕು ಹೆಸರುಗಳನ್ನು ಮಹಡಿ, ಕೋಣೆ, ದೀಪ, ಕೆಲಸ ಎಂಬ ಕ್ರಮಕ್ಕೆ ತರಲು ಅದು ಚೆನ್ನಾಗಿತ್ತು. ಫ್ಲ್ಯಾಗ್‌ಗಳ ಬಗ್ಗೆ ಕೇಳಿದಾಗ ನಂಬುವಂಥ ಉತ್ತರ ಬರಲಿಲ್ಲ. ಕೊಡುವುದಿದ್ದರೆ ಹೆಸರಿನ ಪಟ್ಟಿಯನ್ನಷ್ಟೇ ಕೊಡಿ. ಇಡೀ ಪ್ರಾಜೆಕ್ಟ್ ಫೈಲ್, ಕೀರಿಂಗ್, ಪಾಸ್‌ವರ್ಡ್ ಯಾವ ಆನ್‌ಲೈನ್ ಸೇವೆಗೂ ಹೋಗಬಾರದು. ಅದು ಇನ್ನೊಬ್ಬರ ಮನೆಯ ಬೀಗದ ಕೈ.

ಎರಡು ಸಲ ಒತ್ತುವ ಸ್ವಿಚ್

ಪ್ರತಿ ಆಬ್ಜೆಕ್ಟಿಗೂ ಸಿ, ಆರ್, ಡಬ್ಲ್ಯೂ, ಟಿ, ಯು, ಐ ಎಂಬ ಫ್ಲ್ಯಾಗ್‌ಗಳಿರುತ್ತವೆ: ಸಂವಹನ, ಓದು, ಬರೆ, ಕಳಿಸು, ನವೀಕರಿಸು, ಆರಂಭದಲ್ಲಿ ಓದು. ಟಾಗಲ್ ಬಟನ್ ತನ್ನ ಕೊನೆಯ ಬೆಲೆಯನ್ನು ನೆನಪಿಟ್ಟುಕೊಂಡು ಅದರ ವಿರುದ್ಧವನ್ನು ಕಳಿಸುತ್ತದೆ. ಆ ದೀಪವನ್ನು ಇನ್ನೊಂದು ಬಟನ್ ಆರಿಸಿದರೆ ಮೊದಲ ಬಟನ್‌ಗೆ ಅದು ಗೊತ್ತಾಗಬೇಕು. ಗೊತ್ತಾಗದಿದ್ದರೆ ಮತ್ತೆ 'ಆಫ್' ಕಳಿಸುತ್ತದೆ, ದೀಪ ಹೇಗಿದ್ದರೂ ಆರಿಯೇ ಇದೆ, ಎರಡನೇ ಒತ್ತಿಗೆ ಮಾತ್ರ ಹತ್ತುತ್ತದೆ. ಪರಿಹಾರ: ಆಕ್ಚುಯೇಟರಿನ ಸ್ಟೇಟಸ್ ವಿಳಾಸವನ್ನು (ದೀಪ ಹತ್ತಿದೆಯೋ ಆರಿದೆಯೋ ಎಂದು ತಿಳಿಸುವುದನ್ನು) ಬಟನ್‌ನ ಆಬ್ಜೆಕ್ಟಿಗೆ ಎರಡನೆಯದಾಗಿ ಜೋಡಿಸಿ, ಅಲ್ಲಿ ಡಬ್ಲ್ಯೂ ಫ್ಲ್ಯಾಗ್ ಹಾಕುವುದು. ಸ್ಟೇಟಸ್ ಆಬ್ಜೆಕ್ಟಿಗೆ ಟಿ ಇರಲೇಬೇಕು.

ಸ್ಕ್ರಿಪ್ಟ್ ಈ ದೋಷವನ್ನು ಸರಿಯಾಗಿ ಹಿಡಿಯಿತು. ಆದರೆ ಅದರ ಸಲಹೆಯಲ್ಲಿ ಎರಡು ಹೊಂಡಗಳಿದ್ದವು.

ಮೊದಲನೆಯದು ಕ್ರಮದ್ದು. ಒಂದು ಆಬ್ಜೆಕ್ಟಿಗೆ ಎಷ್ಟು ವಿಳಾಸ ಜೋಡಿಸಿದರೂ ಅದು ಕಳಿಸುವುದು ಪಟ್ಟಿಯ ಮೊದಲನೆಯದಕ್ಕೆ ಮಾತ್ರ, ಉಳಿದವನ್ನು ಕೇಳಿಸಿಕೊಳ್ಳುತ್ತದೆ ಅಷ್ಟೇ. ಸ್ಕ್ರಿಪ್ಟಿನ ಪಟ್ಟಿ ವಿಳಾಸಗಳನ್ನು ಸಂಖ್ಯೆಯ ಕ್ರಮದಲ್ಲಿ ಜೋಡಿಸಿತ್ತು. ಅದರ ಪ್ರಕಾರ ನಡೆದಿದ್ದರೆ ಕೆಲವು ಕಡೆ ಸ್ಟೇಟಸ್ ವಿಳಾಸ ಮೊದಲು ಬಂದು, ಬಟನ್ ಒತ್ತಿದಾಗ ಆದೇಶ ಅಲ್ಲಿಗೆ ಹೋಗುತ್ತಿತ್ತು. ಆ್ಯಪ್‌ನಲ್ಲಿ ದೀಪ ಹತ್ತಿದಂತೆ ಕಾಣುತ್ತಿತ್ತು, ಕೋಣೆಯಲ್ಲಿ ಕತ್ತಲೆ. ಇಟಿಎಸ್‌ನಲ್ಲಿ ಜೋಡಿಸಿದ ಪ್ರತಿ ಸಲವೂ ಕಳಿಸುವ ವಿಳಾಸ ಯಾವುದು ಎಂದು ಕಣ್ಣಿಂದ ನೋಡಿ.

ಎರಡನೆಯದು ಆರ್ ಫ್ಲ್ಯಾಗ್. 'ಸ್ಟೇಟಸ್ ಓದಲು ಆಗುತ್ತಿಲ್ಲ' ಎಂದು ಕಂಡಲ್ಲೆಲ್ಲ ಸ್ಕ್ರಿಪ್ಟ್ ಬಟನ್‌ಗಳಿಗೂ ಆರ್ ಸೂಚಿಸಿತು. ಒಂದು ಗ್ರೂಪ್ ವಿಳಾಸಕ್ಕೆ ಆರ್ ಒಂದೇ ಕಡೆ ಇರಬೇಕು, ನಿಜ ಸ್ಥಿತಿ ಗೊತ್ತಿರುವ ಆಕ್ಚುಯೇಟರಿನಲ್ಲಿ. ನಾಲ್ಕು ಕಡೆ ಇದ್ದರೆ ಒಂದು ಪ್ರಶ್ನೆಗೆ ನಾಲ್ಕು ಉತ್ತರ ಬರುತ್ತದೆ, ಅವು ಒಂದಕ್ಕೊಂದು ಹೊಂದದೆಯೂ ಇರಬಹುದು. ಬಸ್ಸಿನ ವೇಗ ಸೆಕೆಂಡಿಗೆ 9600 ಬಿಟ್ ಮಾತ್ರ. ಆ್ಯಪ್ ಸರ್ವರ್ ಶುರುವಾದಾಗ ನೂರಾರು ವಿಳಾಸಗಳನ್ನು ಒಟ್ಟಿಗೆ ಕೇಳುತ್ತದೆ, ಆ ಹೊತ್ತಿನಲ್ಲಿ ಅನಗತ್ಯ ಉತ್ತರಗಳೇ ಬಸ್ಸನ್ನು ತುಂಬಿಬಿಡುತ್ತವೆ. 41 ಫ್ಲ್ಯಾಗ್ ಸಲಹೆಗಳಲ್ಲಿ 23ನ್ನು ಈ ಒಂದೇ ಕಾರಣಕ್ಕೆ ಬಿಟ್ಟೆವು.

ಎರಡನೇ ಮಹಡಿಗೆ ತಲುಪದ ಆದೇಶ

'ಎಲ್ಲ ಆರಿಸು' ಎರಡನೇ ಮಹಡಿಗೆ ಹೋಗದಿರಲು ಕಾರಣ 1.2.0 ರೂಟರಿನ ಫಿಲ್ಟರ್ ಟೇಬಲ್ ಎಂದು ಸ್ಕ್ರಿಪ್ಟ್ ಹೇಳಿತು. ಸರಿಯೇ. 'ರೂಟರಿಗೆ ಡೌನ್‌ಲೋಡ್ ಮಾಡಿ' ಎಂದಿತು, ಅದೂ ಸರಿಯೇ. ಆದರೆ ಫೈಲಿನಲ್ಲಿದ್ದದ್ದು ಹಳೆಯ ರೂಟರಿನ ಮಾದರಿ, ಡೌನ್‌ಲೋಡ್ ಕೂಡಲೇ ವಿಫಲವಾಯಿತು. 2023ರಲ್ಲಿ ಹಾಕಿದ್ದು ಸೆಕ್ಯೂರ್ ರೂಟರ್, ಬೇರೆ ಯಾವುದೋ ಫೈಲಿನಿಂದ ಕೀ ಹಾಕಿ ಬೀಗ ಮಾಡಿದ್ದರು. ಆ ಫೈಲ್ ಯಾರ ಹತ್ತಿರವೂ ಇಲ್ಲ.

ಇಂಥಲ್ಲಿ ಇರುವ ದಾರಿ ಒಂದೇ. ತಯಾರಕರ ಕೈಪಿಡಿಯಲ್ಲಿರುವಂತೆ ಮಾಸ್ಟರ್ ರೀಸೆಟ್ ಮಾಡಿ, ಕಾರ್ಖಾನೆಯ ಮೂಲ ಕೀ ಇರುವ ಸ್ಟಿಕರ್ ಹುಡುಕಿ ಇಟಿಎಸ್‌ಗೆ ಕೊಡುವುದು. 36 ಅಕ್ಷರಗಳ ಆ ಸಂಕೇತ ಕ್ಯುಆರ್ ಕೋಡ್ ಜೊತೆ ಸಾಧನದ ಮೇಲೆ ಅಂಟಿರುತ್ತದೆ, ಕಿತ್ತು ಬೇರೆ ಕಡೆ ಇಡಿ ಎಂದು ತಯಾರಕರೇ ಹೇಳುತ್ತಾರೆ. ಯಾರೋ ಕಿತ್ತಿಟ್ಟಿದ್ದರು, ಎಲ್ಲಿಟ್ಟರೆಂದು ಗೊತ್ತಿರಲಿಲ್ಲ. ಮನೆಯ ಅಮ್ಮನವರು ಗೃಹಪ್ರವೇಶದ ಕಾಲದ ಬಿಲ್ಲುಗಳ ಫೈಲ್ ತಂದುಕೊಟ್ಟರು, ಅದರಲ್ಲಿರಲಿಲ್ಲ. ಕೊನೆಗೆ ಸಿಕ್ಕಿದ್ದು ತಾರಸಿಯ ಡಿಬಿ ಬಾಗಿಲಿನ ಒಳಬದಿಗೆ ಅಂಟಿಸಿದ್ದ ಸರ್ಕ್ಯೂಟ್ ಪಟ್ಟಿಯ ಹಿಂದೆ. ನೀವು ಹೊಸದಾಗಿ ಮಾಡಿಸುತ್ತಿದ್ದರೆ ಎಲ್ಲ ಸ್ಟಿಕರ್‌ಗಳನ್ನೂ ಒಂದು ಹಾಳೆಗೆ ಅಂಟಿಸಿ, ಕೋಣೆಯ ಹೆಸರು ಬರೆದು, ಮನೆಪತ್ರದ ಜೊತೆ ಇಡಿ.

ರೂಟರನ್ನು ಹೀಗೆ ಪ್ರಾಜೆಕ್ಟಿಗೆ ಸೇರಿಸಿದ ಮೇಲೂ ಆದೇಶ ತಲುಪಲಿಲ್ಲ. 1.1.0 ಹಳೆಯ, ಸೆಕ್ಯೂರ್ ಅಲ್ಲದ ರೂಟರ್. ಎರಡರ ನಡುವಿನ ಬ್ಯಾಕ್‌ಬೋನ್ (ಲ್ಯಾನ್ ಮೇಲಿನ ಸಂಪರ್ಕ) ಸುರಕ್ಷಿತವಾಗಿರಬೇಕಾದರೆ ಎರಡಕ್ಕೂ ಆ ಶಕ್ತಿ ಬೇಕು. ಬ್ಯಾಕ್‌ಬೋನ್ ಸೆಕ್ಯುರಿಟಿಯನ್ನು ಆಫ್ ಮಾಡಿ, ಟನಲಿಂಗ್ (ಇಟಿಎಸ್‌ನಂಥ ತಂತ್ರಾಂಶ ರೂಟರಿಗೆ ಸೇರುವ ದಾರಿ) ಮಾತ್ರ ಸೆಕ್ಯೂರ್ ಇಟ್ಟು, ಎರಡೂ ರೂಟರ್‌ಗಳನ್ನು ವೈಫೈಗೆ ಸಂಬಂಧವಿಲ್ಲದ ಪ್ರತ್ಯೇಕ ವಿಎಲ್ಎಎನ್‌ಗೆ (ಲ್ಯಾನ್‌ನ ಬೇರ್ಪಡಿಸಿದ ಭಾಗಕ್ಕೆ) ಸರಿಸಿದೆವು. ರೂಟರ್‌ಗಳು ಮಾತಾಡುವುದು 224.0.23.12 ಎಂಬ ಮಲ್ಟಿಕಾಸ್ಟ್ (ಹಲವರಿಗೆ ಒಟ್ಟಿಗೆ ಕಳಿಸುವ) ವಿಳಾಸದಲ್ಲಿ. ಲ್ಯಾನ್ ಸ್ವಿಚ್‌ನಲ್ಲಿ ಇಂಥ ಸಂದೇಶ ಯಾರಿಗೆ ಬೇಕೆಂದು ಗಮನಿಸುವ ಐಜಿಎಂಪಿ ಸ್ನೂಪಿಂಗ್ ಸರಿಯಿಲ್ಲದಿದ್ದರೆ ಸ್ವಲ್ಪ ಹೊತ್ತು ಸರಿಯಾಗಿ ನಡೆದು ಆಮೇಲೆ ನಿಂತುಹೋಗುತ್ತದೆ, ಅದನ್ನೂ ನೋಡಿಕೊಳ್ಳಿ.

ಆ್ಯಪ್ ಸರ್ವರ್ ಬಳಸುವ ವಿಳಾಸಗಳ ಸಂಗತಿ ಇನ್ನೂ ಉಳಿದಿತ್ತು. ಸರ್ವರ್ ಇಟಿಎಸ್‌ಗೆ ಕಾಣದ ಕಾರಣ ಅದಕ್ಕೆ ಬೇಕಾದ ವಿಳಾಸಗಳು ಫಿಲ್ಟರ್ ಟೇಬಲ್‌ಗೆ ಸೇರುವುದಿಲ್ಲ. ಸರ್ವರ್ ಇರುವ ಕಡೆ ಒಂದು ಡಮ್ಮಿ ಸಾಧನವನ್ನು ಪ್ರಾಜೆಕ್ಟಿನಲ್ಲಿಟ್ಟು, ಆ ವಿಳಾಸಗಳನ್ನು ಅದಕ್ಕೆ ಜೋಡಿಸಿ, ಎರಡೂ ರೂಟರ್‌ಗಳಿಗೆ ಮತ್ತೆ ಡೌನ್‌ಲೋಡ್ ಮಾಡಬೇಕು. ಲೈನ್ ದಾಟುವ ಜೋಡಣೆಯನ್ನು ಬದಲಿಸಿದಾಗಲೆಲ್ಲ ರೂಟರ್‌ಗಳನ್ನೂ ನೆನಪಿಡಿ. ಸಾಧನಕ್ಕೆ ಮಾತ್ರ ಡೌನ್‌ಲೋಡ್ ಮಾಡಿ ನಿಲ್ಲಿಸುವುದು ತುಂಬಾ ಸಾಮಾನ್ಯವಾದ ತಪ್ಪು.

ಕಣ್ಮುಚ್ಚಿ ಒಪ್ಪಬಾರದ ಸಲಹೆ

ನಮ್ಮ ಸ್ಕ್ರಿಪ್ಟಿನದಲ್ಲ, ಆದರೂ ಇಟಿಎಸ್‌ನಲ್ಲಿ ಸುಲಭವಾಗಿ ಕೈಗೆ ಸಿಗುವ ಒಂದು ಆಯ್ಕೆ: ಸಾಧನದ ಅಪ್ಲಿಕೇಷನ್ ಪ್ರೋಗ್ರಾಂ (ಅದು ಹೇಗೆ ವರ್ತಿಸಬೇಕೆಂದು ಹೇಳುವ ತಯಾರಕರ ತಂತ್ರಾಂಶ) ಅನ್ನು ಹೊಸ ಆವೃತ್ತಿಗೆ ಏರಿಸುವುದು. ಬದಲಾಯಿಸಿದ್ದ ಒಂದು ಪರದೆ ಆಕ್ಚುಯೇಟರಿಗೆ ಇದು ಬೇಕಾಗಿತ್ತು. ಏರಿಸಿದಾಗ ಎರಡೂ ಆವೃತ್ತಿಗಳಲ್ಲಿ ಹೊಂದುವ ಪ್ಯಾರಾಮೀಟರ್‌ಗಳು ಉಳಿಯುತ್ತವೆ, ಹೊಂದದವು ತಯಾರಕರ ಡೀಫಾಲ್ಟ್‌ಗೆ ಹೋಗುತ್ತವೆ. ಪರದೆ ಪೂರ್ತಿ ಇಳಿಯಲು ಹಿಡಿಯುವ ಸಮಯ, ರಿಲೇ ನಾರ್ಮಲಿ ಓಪನ್ನೋ ಕ್ಲೋಸ್ಡೋ, ಬಸ್ ಕರೆಂಟ್ ಹೋಗಿ ಬಂದಾಗ ಏನು ಮಾಡಬೇಕು, ಇವು ಬದಲಾದರೆ ಯಾವ ತಪಾಸಣೆಯೂ ತಪ್ಪೆಂದು ಹೇಳುವುದಿಲ್ಲ. ಏರಿಸುವ ಮುನ್ನ ಆ ಸಾಧನದ ಪ್ಯಾರಾಮೀಟರ್ ವರದಿಯನ್ನು ಪಿಡಿಎಫ್ ಮಾಡಿಟ್ಟುಕೊಂಡು, ಆಮೇಲೆ ಸಾಲುಸಾಲಾಗಿ ಹೋಲಿಸಿ.

ಫೈಲಿನಲ್ಲಿ ಇಲ್ಲದ ಮೂರು ಸಾಧನಗಳನ್ನು ಸೇರಿಸುವಾಗಲೂ ಇಷ್ಟೇ ಎಚ್ಚರ ಬೇಕಾಯಿತು. ಡಿವೈಸ್ ಇನ್‌ಫೋದಿಂದ ತಯಾರಕರು ಯಾರು, ಯಾವ ಅಪ್ಲಿಕೇಷನ್, ಯಾವ ಗ್ರೂಪ್ ವಿಳಾಸಗಳು ಎಂದು ಓದಿದೆವು. ಪ್ಯಾರಾಮೀಟರ್‌ಗಳು ಹಾಗೆ ಸಿಗಲಿಲ್ಲ. ಪ್ರತಿ ಬಟನ್ ಒತ್ತಿ, ಹ್ರಸ್ವ ಒತ್ತಿಗೆ ಏನು, ದೀರ್ಘ ಒತ್ತಿಗೆ ಏನು ಎಂದು ಬರೆದುಕೊಂಡು, ಇಟಿಎಸ್‌ನಲ್ಲಿ ಅದನ್ನೇ ಮತ್ತೆ ಕಟ್ಟಿ, ನಂತರವೇ ಪೂರ್ಣ ಡೌನ್‌ಲೋಡ್ ಮಾಡಿದೆವು.

ಡೌನ್‌ಲೋಡ್ ಮತ್ತು ಪರೀಕ್ಷೆ

ತಿದ್ದುಪಡಿಗಳನ್ನು ನಾಲ್ಕು ಕಂತಾಗಿ ಮಾಡಿದೆವು: ಹೆಸರು ಮತ್ತು ಟೈಪ್, ಸ್ಟೇಟಸ್ ಜೋಡಣೆ, ರೂಟರ್‌ಗಳು, ಕೊನೆಗೆ ಅಳಿಸುವಿಕೆ. ಪ್ರತಿ ಕಂತಿನ ಮುನ್ನ ದಿನಾಂಕ ಹಾಕಿ ಪ್ರಾಜೆಕ್ಟನ್ನು ರಫ್ತು ಮಾಡಿಟ್ಟೆವು. ಇಟಿಎಸ್‌ನಲ್ಲಿ ಪ್ರತಿ ಸಾಧನದ ಮುಂದೆ ಐದು ಟಿಕ್ ಗುರುತುಗಳಿರುತ್ತವೆ: ವಿಳಾಸ, ಪ್ರೋಗ್ರಾಂ, ಪ್ಯಾರಾಮೀಟರ್, ಗ್ರೂಪ್, ಸಂರಚನೆ. ನೀವು ಏನು ಬದಲಿಸಿದಿರೋ ಆ ಟಿಕ್ ಹೋಗುತ್ತದೆ, ಡೌನ್‌ಲೋಡ್ ಆದಮೇಲೆ ಮರಳುತ್ತದೆ. ಬೇರೆಯವರಿಂದ ಬಂದ ಫೈಲಿನಲ್ಲಿ ಈ ಟಿಕ್‌ಗಳನ್ನು ನಂಬಬೇಡಿ, ಅವು ಆ ಫೈಲಿನ ನೆನಪು ಮಾತ್ರ. ಜೋಡಣೆ ಬದಲಾದ ಸಾಧನಕ್ಕೆ ಭಾಗಶಃ ಡೌನ್‌ಲೋಡ್ ಕೆಲವು ಸೆಕೆಂಡುಗಳಲ್ಲಿ ಮುಗಿಯುತ್ತದೆ, ಪೂರ್ಣ ಡೌನ್‌ಲೋಡ್‌ಗೆ ಸಾಧನಕ್ಕೆ ಕೆಲವು ನಿಮಿಷ ಬೇಕು.

ಪ್ರತಿ ಕಂತಿನ ನಂತರ ಒಂದೇ ಪರೀಕ್ಷೆ. ಮನೆಯವರ ಒಪ್ಪಿಗೆ ಪಡೆದು ಎಂಸಿಬಿ ಇಳಿಸಿ, ಎರಡು ನಿಮಿಷ ಬಿಟ್ಟು ಏರಿಸುವುದು. ಬೆಸ್ಕಾಂ ಕರೆಂಟ್ ಹೋಗಿ ಬಂದಾಗ ಏನಾಗುತ್ತದೋ ಅದೇ ಆಗ ಕಾಣುತ್ತದೆ. ಮೂರನೇ ಕಂತಿನ ನಂತರ ಹೀಗೆ ಮಾಡಿದಾಗ ಊಟದ ಕೋಣೆಯ ಪರದೆ ತಾನಾಗಿ ಇಳಿಯಿತು. ಅಪ್ಲಿಕೇಷನ್ ಏರಿಸಿದ್ದ ಅದೇ ಆಕ್ಚುಯೇಟರ್, ಬಸ್ ಮರಳಿದಾಗಿನ ವರ್ತನೆ ಡೀಫಾಲ್ಟ್‌ಗೆ ಹೋಗಿತ್ತು. ಪಿಡಿಎಫ್‌ನ ಸಾಲನ್ನು ನೋಡಿ ಸರಿಪಡಿಸಲು ಐದು ನಿಮಿಷ ಸಾಕಾಯಿತು. ಆ ಪಿಡಿಎಫ್ ಇಲ್ಲದಿದ್ದರೆ ಮೊದಲು ಏನಿತ್ತು ಎಂದೇ ಗೊತ್ತಾಗುತ್ತಿರಲಿಲ್ಲ.

ಖರ್ಚಿನ ಲೆಕ್ಕ: ಸೈಟ್‌ನಲ್ಲಿ 6 ದಿನ, ಮೇಜಿನ ಮೇಲೆ 5 ದಿನ, ಕಾಗದಪತ್ರಕ್ಕಾಗಿ ಓಡಾಟ ಕೂಡಿಸಿದರೆ 2 ದಿನ, ಒಟ್ಟು 13 ದಿನದ ಕೂಲಿ. ಕ್ಯಾಲೆಂಡರಿನಲ್ಲಿ ಆರು ವಾರ. ಹೊಸದಾಗಿ ಕೊಂಡ ಸಾಮಗ್ರಿ ಒಂದು ಯುಎಸ್‌ಬಿ ಇಂಟರ್‌ಫೇಸ್ ಮಾತ್ರ. ಸಲಹೆ ಕೊಡುವ ತಂತ್ರಾಂಶ ಇಲ್ಲದಿದ್ದರೆ 612 ವಿಳಾಸಗಳನ್ನು ಕೈಯಿಂದ ನೋಡಲು ಮೇಜಿನ ಕೆಲಸವೇ ಎರಡು ಪಟ್ಟಾಗುತ್ತಿತ್ತು, ಅದರ ಉಪಕಾರ ನಿಜ. ಕೊನೆಯ ದಿನ ತಿದ್ದಿದ ಪ್ರಾಜೆಕ್ಟ್ ಫೈಲ್, ಪಾಸ್‌ವರ್ಡ್, ಕೀರಿಂಗ್, ಸ್ಟಿಕರ್ ಹಾಳೆ, 231 ಸಾಲಿನ ಪಟ್ಟಿ ಮತ್ತು ಪ್ರತಿ ಸಾಲಿನ ಎದುರು ಒಪ್ಪಿದ ಅಥವಾ ಬಿಟ್ಟ ಕಾರಣ, ಎಲ್ಲವನ್ನೂ ಒಂದು ಪೆನ್‌ಡ್ರೈವ್ ಮತ್ತು ಒಂದು ಕಾಗದದ ಫೈಲಿನಲ್ಲಿ ಮನೆಯ ಮಾಲೀಕರ ಕೈಗೆ ಕೊಟ್ಟು ಸಹಿ ಪಡೆದೆವು. ಅಂದು ರಾತ್ರಿ ಹತ್ತೂವರೆಗೆ ಅವರ ಸಂದೇಶ ಬಂತು: 'ಎಲ್ಲ ಆರಿಸು' ಒತ್ತಿದ್ದಾರೆ, ಎರಡನೇ ಮಹಡಿಯೂ ಆರಿದೆ.